ಸಾನಿಯೆ ಮಣೆ ಬದಲಿಸಿದ್ದು

ತುರ್ಕಿಯ ಗೋಕ್‌ದೆರೆ ಊರಿನಲ್ಲಿ ರಜಾಯಿ ಹೊಲಿಯುವ ರಿಫ್ಕಿ ಉಸ್ತಾನ ಅಂಗಡಿ ಎಲ್ಲಿ ಎಂದು ಕೇಳಿದರೆ ಮಕ್ಕಳೂ ದಾರಿ ತೋರಿಸುತ್ತವೆ. ಆ ಉಸ್ತಾನ, ಅಂದರೆ ಕಸುಬಿನ ಯಜಮಾನನ, ಮೂವರು ಮಕ್ಕಳಲ್ಲಿ ಕೊನೆಯವಳು ಸಾನಿಯೆ. ಹತ್ತಿಯ ರಾಶಿ, ಮಿರುಗುವ ಬಟ್ಟೆ, ಗೇಣುದ್ದದ ಸೂಜಿಗಳ ನಡುವೆಯೇ ಅಂಬೆಗಾಲಿಟ್ಟು ಬೆಳೆದವಳು. ಆದರೂ ಹೊಲಿಗೆ ಅವಳ ಕೈಗೆ ಹತ್ತಲಿಲ್ಲ. ಅವಳು ಹಾಕಿದ ಹೊಲಿಗೆಯನ್ನು ಅಪ್ಪ ಬಿಚ್ಚಿ ಮತ್ತೆ ತಾನೇ ಹಾಕುತ್ತಿದ್ದ. ಅವಳಿಗೆ ದೇವರು ಕೊಟ್ಟದ್ದು ಕಿವಿ. ಮದುವೆಗೆ ರಜಾಯಿ ಹೊಲಿಸಲು ಬಂದ ಬೀಗರು ಹೋದ ವಾರ ಯಾವ ಬಣ್ಣ ಎಂದಿದ್ದರು, ಈ ವಾರ ಹೇಗೆ ಮಾತು ತಿರುಗಿಸಿದರು ಎನ್ನುವುದನ್ನು ಎಂಟು ವರ್ಷದ ಹುಡುಗಿ ಅವರವರ ಧಾಟಿಯಲ್ಲೇ ಒಪ್ಪಿಸಿಬಿಡುತ್ತಿದ್ದಳು. ಬೀಗರು ಕೆಮ್ಮುತ್ತಿದ್ದರು, ಅಪ್ಪ ತಲೆ ತಗ್ಗಿಸಿಕೊಂಡು ನಗುತ್ತಿದ್ದ.

ಅಂಥವಳಿಗೆ ಇಪ್ಪತ್ತನಾಲ್ಕನೆಯ ವಯಸ್ಸಿನಲ್ಲಿ ಊರಿನ ಕೋರ್ಟಿನಲ್ಲಿ ಹೇಳಿಕೆ ಬರೆದುಕೊಳ್ಳುವ ಗುಮಾಸ್ತೆಯ ಕೆಲಸ ಸಿಕ್ಕಿದ್ದು ಆಶ್ಚರ್ಯವಲ್ಲ. ಮೂರು ನಿಮಿಷದಲ್ಲಿ ತೊಂಬತ್ತು ಪದ ತಪ್ಪಿಲ್ಲದೆ ಒತ್ತಬೇಕು ಎಂಬುದು ಪರೀಕ್ಷೆಯ ನಿಯಮ. ಸಾನಿಯೆ ಬಸ್ ನಿಲ್ದಾಣದ ಹಿಂದಿನ ಇಂಟರ್‌ನೆಟ್ ಅಂಗಡಿಯಲ್ಲಿ ಕೂತು, ಪುಸ್ತಕ ತೆರೆದಿಟ್ಟುಕೊಂಡು, ಹತ್ತು ಬೆರಳನ್ನೂ ಬಳಸಿ ಒತ್ತುವುದನ್ನು ತಾನೇ ಕಲಿತಳು. ಆ ಹೊತ್ತಿಗೆ ಹಳೆಯ ಟೈಪ್‌ರೈಟರ್‌ಗಳೆಲ್ಲ ನೆಲಮಾಳಿಗೆ ಸೇರಿ ಮೇಜಿನ ಮೇಲೆ ಕಂಪ್ಯೂಟರ್ ಬಂದಿತ್ತು. ಟೈಪ್‌ರೈಟರ್‌ನ ಮೇಲಿನ ಸಾಲು ಎಫ್ ಅಕ್ಷರದಿಂದ ಶುರುವಾಗುತ್ತಿತ್ತು. ತುರ್ಕಿ ಮಾತಿನಲ್ಲಿ ಯಾವ ಅಕ್ಷರ ಎಷ್ಟು ಸಲ ಬರುತ್ತದೆ ಎಂದು ಎಣಿಸಿ, ಯಾವ ಬೆರಳಿಗೆ ಎಷ್ಟು ಶಕ್ತಿ ಎಂದು ನೋಡಿ ಹಿರಿಯರು ಕೂರಿಸಿದ ಕೀಲಿಮಣೆ ಅದು. ಕಂಪ್ಯೂಟರಿನ ಜೊತೆ ಹೊರಗಿನಿಂದ ಬಂದದ್ದು ಕ್ಯೂ ಅಕ್ಷರದಿಂದ ಶುರುವಾಗುವ ಬೇರೆ ಮಣೆ. ಮೇಜಿನ ಮೇಲೆ ಇದ್ದದ್ದನ್ನು ಎಲ್ಲರೂ ಕಲಿತರು. ಸಾನಿಯೆಯೂ ಅದನ್ನೇ ಕಲಿತಳು, ಪರೀಕ್ಷೆಯಲ್ಲಿ ಮೊದಲಿಗಳಾದಳು.

ಹದಿನೆಂಟು ವರ್ಷ ಅವಳು ನ್ಯಾಯಾಧೀಶರ ಪಕ್ಕದ ತಗ್ಗಿನ ಮೇಜಿನಲ್ಲಿ ಕೂತಳು. ಗಂಡಹೆಂಡಿರ ಜಗಳ, ಕದ್ದ ಹಸು, ಬೇಲಿ ಸರಿಸಿದ ನೆರೆಯವರು, ಕುಡಿದು ಗಾಜು ಒಡೆದವರು ಎಲ್ಲರ ಮಾತೂ ಅವಳ ಬೆರಳಿನ ಮೂಲಕವೇ ಕಾಗದಕ್ಕೆ ಇಳಿಯಿತು. ಸಾಕ್ಷಿ ಮಾತಾಡುತ್ತಾನೆ, ನ್ಯಾಯಾಧೀಶರು ಕೇಳಿ ಅದರ ಸಾರ ಹೇಳುತ್ತಾರೆ, ಅವಳು ಒತ್ತುತ್ತಾಳೆ. ಬರೆದದ್ದಷ್ಟೇ ಉಳಿಯುತ್ತದೆ, ಮಿಕ್ಕದ್ದು ಗಾಳಿ. ಈ ಮಾತು ಅವಳಿಗೆ ಬಹಳ ದೊಡ್ಡದಾಗಿ ಕಾಣುತ್ತಿತ್ತು. ಮಿನಿಬಸ್ ಓಡಿಸುವ ಗಂಡ ಹಿಲ್ಮಿಯ ಹತ್ತಿರ ಒಮ್ಮೆ ಹೇಳಿಯೂ ಇದ್ದಳು. ತಾನೂ ಜನರನ್ನು ಇದ್ದಲ್ಲಿಂದ ಇನ್ನೊಂದು ಕಡೆಗೆ ಮುಟ್ಟಿಸುವವನೇ ಎಂದು ಅವನು ನಕ್ಕಿದ್ದ.

ನಲವತ್ತೆರಡನೆಯ ವಯಸ್ಸಿನ ಚಳಿಗಾಲದಲ್ಲಿ ಕೈ ಮುಷ್ಕರ ಹೂಡಿತು. ಮೊದಲು ಎಡಗೈ ಕಿರುಬೆರಳು, ಆಮೇಲೆ ಬಲಗೈಯದು, ಆಮೇಲೆ ಎರಡೂ ಮಣಿಕಟ್ಟು. ಬೆಳಿಗ್ಗೆ ಅಂಗಿಯ ಗುಂಡಿ ಹಾಕಿಕೊಳ್ಳಲು ಆಗುತ್ತಿರಲಿಲ್ಲ. ಪ್ರಾಂತ್ಯದ ಆಸ್ಪತ್ರೆಯ ಡಾಕ್ಟರು ಕೈ ಹಿಡಿದು ನೋಡಿ, ಮಲಗುವಾಗ ಕಟ್ಟಿಕೊಳ್ಳಲು ಪಟ್ಟಿ ಕೊಟ್ಟರು, ಮುಲಾಮು ಬರೆದುಕೊಟ್ಟರು, ಸಾಧ್ಯವಾದರೆ ಬೇರೆ ಕೆಲಸ ನೋಡಿಕೊಳ್ಳಿ ಎಂದರು. ಕೋರ್ಟಿನ ಶಿರಸ್ತೇದಾರ ಜೆವ್ದೆತ್ ಬೇ, ಅಂದರೆ ಜೆವ್ದೆತ್ ಸಾಹೇಬರು, ಕೆಟ್ಟವರಲ್ಲ. ಅವರೂ ಅದನ್ನೇ ತಮ್ಮ ರೀತಿಯಲ್ಲಿ ಹೇಳಿದರು. ನೆಲಮಾಳಿಗೆಯ ಹಳೆಯ ಕಡತಗಳ ಕೋಣೆಯಲ್ಲಿ ಒಂದು ಕುರ್ಚಿ ಖಾಲಿಯಿದೆ, ಒತ್ತುವ ಕೆಲಸ ಕಡಿಮೆ, ಶರತ್ಕಾಲದಲ್ಲಿ ಅಲ್ಲಿಗೆ ಹೋಗಬಹುದು. ಸಾನಿಯೆ ಥ್ಯಾಂಕ್ಸ್ ಹೇಳಿ ಹೊರಬಂದಳು. ಮೆಟ್ಟಿಲ ಮೇಲೆ ನಿಂತು ನೆಲಮಾಳಿಗೆಯ ಬಾಗಿಲು ನೋಡಿದಳು. ಅಲ್ಲಿ ಯಾರೂ ಮಾತಾಡುವುದಿಲ್ಲ ಎಂದು ಅವಳಿಗೆ ಆಗ ಹೊಳೆಯಿತು.

ಜೂನ್ ತಿಂಗಳಲ್ಲಿ ಒಂದು ಆಕ್ರೋಟ್ ಮರದ ವ್ಯಾಜ್ಯ ಬಂತು. ನೆರೆಯವನು ತನ್ನ ಕಡೆಗೆ ಬಾಗಿದ ಕೊಂಬೆಗಳನ್ನು ಕಡಿಯುವ ನೆಪದಲ್ಲಿ ಮರವನ್ನೇ ಕಡಿದಿದ್ದ. ಸಾಕ್ಷಿಯಾಗಿ ಬಂದವರು ಎಪ್ಪತ್ತೆಂಟು ವರ್ಷದ ಮುವಲ್ಲಾ ಹೋಜಾ. ವಾಣಿಜ್ಯ ಶಾಲೆಯಲ್ಲಿ ಮೂವತ್ತೊಂದು ವರ್ಷ ಬೆರಳಚ್ಚು ಕಲಿಸಿದ ಮೇಡಂ, ಹೋಜಾ ಎಂದರೆ ಅಲ್ಲಿ ಗುರುಗಳು. ಊರಿನ ಅರ್ಧ ಜನರ ಅಮ್ಮಂದಿರು ಅವರ ಕೈಯಲ್ಲಿ ಬೈಸಿಕೊಂಡವರು. ಕಂಬಳಿ ಬಣ್ಣದ ಕೋಟು, ಬೆಳ್ಳಿಯ ಕೂದಲು, ಬಾಣದ ಹಾಗೆ ನೆಟ್ಟಗಿನ ಬೆನ್ನು. ಮರದ ವಿಷಯ ಕೇಳಿದರೆ ಉತ್ತರ ಹೇಳುತ್ತಿದ್ದರು, ಕಣ್ಣು ಮಾತ್ರ ನ್ಯಾಯಾಧೀಶರ ಮೇಲಿರಲಿಲ್ಲ. ಸಾನಿಯೆಯ ಕೈಗಳ ಮೇಲಿತ್ತು. ವಿಚಾರಣೆ ಮುಗಿದ ಮೇಲೆ ಅವರು ಮನೆಗೆ ಹೋಗದೆ ಹೊರಗಿನ ಬೆಂಚಿನ ಮೇಲೆ ಕೂತಿದ್ದರು. ಮಧ್ಯಾಹ್ನ ಸಾನಿಯೆ ಹೊರಬಂದಾಗ ಕೈ ಬೀಸಿ ಕರೆದರು.

"ನೀನು ರಿಫ್ಕಿ ಮಗಳಲ್ವಾ? ಕೈ ಇಲ್ಲಿ ಕೊಡು."

ಕೊಟ್ಟಳು. ಅವರು ಎರಡು ಕಿರುಬೆರಳುಗಳನ್ನೂ ಒಂದೊಂದಾಗಿ ಒತ್ತಿ ನೋಡಿದರು. ಸಾನಿಯೆ ಹಲ್ಲು ಕಚ್ಚಿದಳು.

"ನೋಡು, ನಮ್ಮ ಮಾತಲ್ಲಿ ಎಲ್ಲಕ್ಕಿಂತ ಜಾಸ್ತಿ ಬರೋದು ಆ ಅನ್ನೋ ಅಕ್ಷರ. ಇ ಕೂಡ ಕಮ್ಮಿ ಏನಲ್ಲ. ನಿನ್ನ ಡಬ್ಬಾ ಮಣೇಲಿ ಆ ಇರೋದು ಎಡ ಮೂಲೇಲಿ, ಇ ಇರೋದು ಬಲ ಮೂಲೇಲಿ, ಎರಡೂ ಕಿರುಬೆರಳ ಪಾಲಿಗೆ. ಮನೇಲಿ ಗಟ್ಟಿಮುಟ್ಟಾದ ಅಣ್ಣಂದಿರು ಸುಮ್ನೆ ಕೂತು ಚಹಾ ಕುಡೀತಿದ್ದಾರೆ, ಕೂಸು ಹೋಗಿ ಮೂಟೆ ಹೊರ್ತಿದೆ. ನೋಯದೆ ಇನ್ನೇನಾಗುತ್ತೆ?"

ಡಾಕ್ಟರು ಹಾಗೆ ಹೇಳಲಿಲ್ಲವಲ್ಲ ಎಂದಳು ಸಾನಿಯೆ. ಡಾಕ್ಟರಿಗೆ ಎರಡೇ ಬೆರಳಲ್ಲಿ ಒತ್ತೋದು ಗೊತ್ತಿರುತ್ತೆ ಎಂದರು ಹೋಜಾ. ಗುರುವಾರ ಚಹಾಕ್ಕೆ ಬಾ ಎಂದು ಹೇಳಿ, ಬೆನ್ನು ಬಾಗಿಸದೆ ಎದ್ದು ಹೋದರು.

ಗುರುವಾರ ಅವಳು ಹೋದಳು. ಕಿಟಕಿಯ ಪಕ್ಕದ ಮೇಜಿನ ಮೇಲೆ ಕಸೂತಿ ಬಟ್ಟೆ ಹೊದಿಸಿದ ಟೈಪ್‌ರೈಟರ್ ಇತ್ತು. ಹೋಜಾ ಬಟ್ಟೆ ತೆಗೆದರು, ಕುರ್ಚಿ ಎಳೆದು ಕೂತರು, ಕಿಟಕಿಯಾಚೆಯ ಬೀದಿ ನೋಡುತ್ತಾ ಒತ್ತತೊಡಗಿದರು. ಮಾತು ನಿಲ್ಲಿಸಲಿಲ್ಲ, ಎದುರು ಮನೆಯವಳು ಬಟ್ಟೆ ಒಣಹಾಕುವ ಬಗ್ಗೆ ದೂರುತ್ತಲೇ ಇದ್ದರು. ಕಾಗದ ತೆಗೆದು ಕೊಟ್ಟಾಗ ಸಾನಿಯೆ ನೋಡಿದಳು: ಎದುರು ಮನೆಯವಳ ಮೇಲಿನ ದೂರೆಲ್ಲ ಅಕ್ಷರಕ್ಕೆ ಅಕ್ಷರ ಅಲ್ಲಿತ್ತು. ಒಂದು ತಪ್ಪಿಲ್ಲ. ಎಪ್ಪತ್ತೆಂಟರ ಆ ಬೆರಳುಗಳು ಹೆಚ್ಚು ಎತ್ತರಕ್ಕೂ ಏಳಲಿಲ್ಲ, ಹೆಚ್ಚು ದೂರಕ್ಕೂ ಓಡಲಿಲ್ಲ. ಇದ್ದಲ್ಲೇ ಇದ್ದವು. ಒಂದು ಕೈ ಇಳಿಯುವಾಗ ಇನ್ನೊಂದು ಏಳುತ್ತಿತ್ತು, ಮಗ್ಗದಲ್ಲಿ ಲಾಳಿ ಆ ಕಡೆಯಿಂದ ಈ ಕಡೆಗೆ ಓಡಾಡುವ ಹಾಗೆ.

ಸ್ವರಗಳೆಲ್ಲ ಎಡಗೈಗೆ, ವ್ಯಂಜನಗಳಲ್ಲಿ ಬಹುಪಾಲು ಬಲಗೈಗೆ, ಹೆಚ್ಚು ಬರುವವು ಗಟ್ಟಿ ಬೆರಳಿಗೆ, ಅಷ್ಟೇ ಗುಟ್ಟು ಎಂದರು ಹೋಜಾ. ಸಾಕ್ಷಿಗೆ ತುರ್ಕಿಯಲ್ಲಿ ತನಿಕ್ ಎನ್ನುತ್ತಾರೆ. ಅದನ್ನು ಒತ್ತಿ ತೋರಿಸಿದರು: ಬಲ, ಎಡ, ಬಲ, ಎಡ, ಬಲ. ನ್ಯಾಯಾಧೀಶ ಅಂದರೆ ಹಾಕಿಮ್. ಅದೂ ಹಾಗೆಯೇ.

ಆ ವಾರವೆಲ್ಲ ಸಾನಿಯೆ ಒಳಗೊಳಗೇ ಲೆಕ್ಕಾಚಾರ ಹಾಕಿದಳು. ನಲವತ್ತೆರಡಕ್ಕೆ ಮತ್ತೆ ಅಕ್ಷರಾಭ್ಯಾಸ. ಹದಿನೆಂಟು ವರ್ಷದಲ್ಲಿ ಗಳಿಸಿದ ವೇಗವನ್ನೆಲ್ಲ ತಾನೇ ಕೈಯಾರೆ ನೀರಿಗೆ ಬಿಡಬೇಕು. ವೇಗ ಮರಳಿ ಬರುತ್ತದೆ ಎಂದು ಬರೆದುಕೊಟ್ಟವರಿಲ್ಲ. ಬಾರದಿದ್ದರೆ ಮೇಲಿನ ಮೇಜಿಲ್ಲ, ನೆಲಮಾಳಿಗೆಯೇ ಗತಿ. ಅಪ್ಪನ ಅಂಗಡಿಗೆ ಹೋಗಿ ವಿಷಯ ಹೇಳಿದಳು. ರಿಫ್ಕಿ ಉಸ್ತಾ ಹಲ್ಲಿನಲ್ಲಿ ದಾರ ಕಚ್ಚಿ ಹರಿದ. "ಬೆರಳಿಗೆ ಒಗ್ಗದ ಸೂಜೀನ ಬಿಸಾಕ್ತಾರೆ ಕಣೇ. ಬೆರಳನ್ನ ಯಾರಾದ್ರೂ ಬಿಸಾಕ್ತಾರಾ?" ಎಂದು ಹೇಳಿ ಮತ್ತೆ ದಾರ ಪೋಣಿಸಲು ಕೂತ.

ಜುಲೈ ಇಪ್ಪತ್ತಕ್ಕೆ ಕೋರ್ಟುಗಳಿಗೆ ಬೇಸಿಗೆ ರಜೆ. ಆಗಸ್ಟ್ ಮುಗಿಯುವವರೆಗೆ ತುರ್ತು ವಿಷಯ ಬಿಟ್ಟರೆ ವಿಚಾರಣೆ ಇರುವುದಿಲ್ಲ. ಸಾನಿಯೆ ಆ ಆರು ವಾರಗಳನ್ನು ಹಿಡಿದಳು. ಕಂಪ್ಯೂಟರಿನ ಮಣೆ ಬದಲಿಸುವುದು ಎಷ್ಟು ಸುಲಭವೆಂದರೆ ನಾಚಿಕೆಯಾಗಬೇಕು: ತೆರೆಯ ಮೂಲೆಯಲ್ಲಿ ಒತ್ತಿ, ಕ್ಯೂ ಬದಲು ಎಫ್ ಆರಿಸಿಕೊಂಡರೆ ಮುಗಿಯಿತು. ಗುಂಡಿಗಳ ಮೇಲೆ ಅಚ್ಚಾದದ್ದು ಹಳೆಯದೇ ಇರುತ್ತದೆ, ಒತ್ತಿದರೆ ಬರುವುದು ಮಾತ್ರ ಹೊಸದು. ಅಷ್ಟೇ ಒಳ್ಳೆಯದು, ನೋಡಿ ಒತ್ತುವ ಚಟ ಬಿಡುತ್ತದೆ ಎಂದರು ಹೋಜಾ. ಅವಳ ಕೈಗಳ ಮೇಲೆ ಪಾತ್ರೆ ಒರೆಸುವ ಬಟ್ಟೆ ಹೊದಿಸಿ ಅಭ್ಯಾಸ ಮಾಡಿಸಿದರು. ಮೊದಲ ದಿನ ಎಂಟೇ ಅಕ್ಷರ. ಆ ಎಂಟರಲ್ಲೇ ಸೇಬು, ಕೋಟೆ, ಊಟ ಎಲ್ಲಕ್ಕೂ ತುರ್ಕಿ ಪದ ಬರೆಯಬಹುದಿತ್ತು. ಒಂದು ಸಾಲಿನಲ್ಲಿ ಮೂರು ತಪ್ಪಾದರೆ ಪುಟವನ್ನೇ ಮತ್ತೆ ಒತ್ತಬೇಕು. ಮನೆಯಲ್ಲಿ ಎಫ್, ಕೋರ್ಟಿನಲ್ಲಿ ಕ್ಯೂ ಇಟ್ಟುಕೊಳ್ಳಲೇ ಎಂದು ಸಾನಿಯೆ ಕೇಳಿದಾಗ ಅವರು ಸೌಟು ಎತ್ತಿದರು. "ಎರಡು ದೋಣೀಲಿ ಕಾಲಿಟ್ಟೋರನ್ನ ನಾನು ಬಹಳ ನೋಡಿದೀನಿ. ದೋಣಿಗಳು ದಡ ಸೇರ್ತವೆ, ಇವರು ಸೇರಲ್ಲ."

ಹಾಗಾಗಿ ಕೋರ್ಟಿನ ಕಂಪ್ಯೂಟರನ್ನೂ ಬದಲಿಸಿದಳು. ಮೊದಲ ಅನಾಹುತ ಅಲ್ಲೇ ಆಯಿತು. ಜೆವ್ದೆತ್ ಬೇ ಯಾವುದೋ ಕಡತ ನೋಡಲು ಅವಳ ಮೇಜಿಗೆ ಬಂದು ತಮ್ಮ ಗುಪ್ತಪದ ಒತ್ತಿದರು. ತಪ್ಪು ಎಂದಿತು. ಮತ್ತೆ ಒತ್ತಿದರು. ಮೂರನೆಯ ಸಲ ಗುದ್ದಿದರು, ಅವರ ಖಾತೆಗೆ ಬೀಗ ಬಿತ್ತು. ಅದನ್ನು ಬಿಡಿಸಲು ಅಂಕಾರಕ್ಕೆ ಫೋನ್ ಮಾಡಿ ಅರ್ಧ ದಿನ ಕಾಯಬೇಕಾಯಿತು. ಶಿರಸ್ತೇದಾರರ ಮುಖ ಬೀಟ್‌ರೂಟಿನಂತಾಗಿತ್ತು. ಇದು ಸರ್ಕಾರಿ ಯಂತ್ರ, ಇಷ್ಟ ಬಂದ ಹಾಗೆ ತಿರುಗಿಸಲು ಇದೇನು ಅಡುಗೆಮನೆಯ ಒಲೆಯೇ ಎಂದು ಕೇಳಿದರು. ಸಾನಿಯೆ ಸಂಜೆ ಹೋಜಾಗೆ ಹೇಳಿದಳು. ಮರುದಿನ ಬೆಳಿಗ್ಗೆ ಹೋಜಾ ಬೀರುವಿನಿಂದ ಕತ್ತರಿಸಿಟ್ಟ ಹಳೆಯ ಪತ್ರಿಕೆಯ ತುಂಡು ಹಿಡಿದು ನೇರ ಜೆವ್ದೆತ್ ಬೇ ಕೋಣೆಗೆ ನಡೆದರು. ಕಚೇರಿಗಳಲ್ಲಿ ಎಫ್ ಮಣೆಯನ್ನೇ ಬಳಸುವಂತಾಗಬೇಕು ಎಂದು ಒಂಬತ್ತು ವರ್ಷದ ಹಿಂದೆ ಸರ್ಕಾರವೇ ಸುತ್ತೋಲೆ ಹೊರಡಿಸಿತ್ತು. ಸುದ್ದಿ ಅದೇ. ಜೆವ್ದೆತ್ ಬೇ ಓದಿದರು, ಕನ್ನಡಕ ತೆಗೆದು ಒರೆಸಿದರು, ಮತ್ತೆ ಓದಿದರು. ಆಮೇಲೆ ಅವರಿಗೇ ನೆನಪಾಯಿತು: ಸಾಮಾನಿನ ಕೋಣೆಯಲ್ಲಿ ಆರು ಎಫ್ ಕೀಬೋರ್ಡ್‌ಗಳ ಪೆಟ್ಟಿಗೆ ಅಂದಿನಿಂದ ಹಾಗೇ ಬಿದ್ದಿದೆ, ಜವಾನ ದುರ್ಸುನ್ ಅದರ ಮೇಲೆ ಚಹಾದ ತಟ್ಟೆ ಇಡುತ್ತಾನೆ. ಅದರಲ್ಲಿ ಒಂದು ಸಾನಿಯೆಯ ಮೇಜಿಗೆ ಬಂತು.

ಗೆಲುವು ಅಷ್ಟಕ್ಕೇ ಮುಗಿದಿದ್ದರೆ ಈ ಕತೆ ಹೇಳಬೇಕಾಗಿರಲಿಲ್ಲ. ಸೆಪ್ಟೆಂಬರಿನಲ್ಲಿ ಕೋರ್ಟು ತೆರೆಯಿತು, ಬೇಸಿಗೆಯ ವರ್ಗಾವಣೆಯಲ್ಲಿ ಹೊಸ ನ್ಯಾಯಾಧೀಶೆ ಬಂದಿದ್ದರು. ಬೆಲ್ಕಿಸ್ ಹಾನಿಮ್, ಅಂದರೆ ಬೆಲ್ಕಿಸ್ ಮೇಡಂ, ಮೂವತ್ತೈದು ದಾಟಿರಲಿಲ್ಲ, ಮಾತು ಗುಡ್ಡದಿಂದ ಉರುಳುವ ಕಲ್ಲು. ಸಾನಿಯೆಯ ಕೈ ಇನ್ನೂ ಹಳೆಯ ವೇಗದ ಅರ್ಧಕ್ಕೂ ತಲುಪಿರಲಿಲ್ಲ. ಮೊದಲ ವಿಚಾರಣೆಯಲ್ಲೇ ನ್ಯಾಯಾಧೀಶೆ ಎರಡು ವಾಕ್ಯ ಹೇಳಿ ಕಾದರು. ಮೂರನೆಯದು ಹೇಳಿ ಇನ್ನೂ ಕಾದರು. ವಕೀಲ ಪೆನ್ನಿನಿಂದ ಮೇಜು ತಟ್ಟತೊಡಗಿದ. ಅದರ ನಡುವೆ ಅವಳ ಗುಂಡಿಗಳ ಸದ್ದು. ಆ ಸದ್ದೂ ಸೋರುವ ನಲ್ಲಿಯ ಹನಿಯ ಹಾಗೆ. ಕೊನೆಗೆ ನ್ಯಾಯಾಧೀಶೆ ಮೆಲ್ಲಗೆ, ಬೇರೆಯವರನ್ನು ಕರೆಯೋಣವೇ ಎಂದು ಕೇಳಿದರು. ಪಕ್ಕದ ಕಚೇರಿಯ ಎರ್ಜಾನ್ ಬಂದು ಅವಳ ಕುರ್ಚಿಯಲ್ಲಿ ಕೂತ.

ಎರ್ಜಾನ್ ಮೂವತ್ತರ ಹುಡುಗ, ಚುರುಕು, ಬಾಯಿ ಸ್ವಲ್ಪ ದೊಡ್ಡದು. ಸಾನಿಯೆ ಎಂದರೆ ತುರ್ಕಿಯಲ್ಲಿ ಸೆಕೆಂಡು ಎಂದೂ ಅರ್ಥ. ಮಧ್ಯಾಹ್ನದ ಊಟದ ಕೋಣೆಯಲ್ಲಿ ಅವನು ಎಲ್ಲರಿಗೂ ಕೇಳುವಂತೆ ಅಂದ: "ಅಕ್ಕ, ಹೆಸರು ಬದಲಾಯಿಸ್ಕೊಳ್ಳಿ. ಸೆಕೆಂಡು ಅಂತ ಕರೆದ್ರೆ ದೇವರು ಮೆಚ್ಚಲ್ಲ, ಗಂಟೆ ಅಂತ ಇಟ್ಕೊಳ್ಳಿ." ನಗು ಎದ್ದಿತು. ಅವಳೂ ನಕ್ಕಳು, ನಗದೆ ಇದ್ದರೆ ಇನ್ನೂ ಕೆಟ್ಟದಾಗಿರುತ್ತಿತ್ತು. ಮೇಜಿಗೆ ಮರಳಿದವಳು ತೆರೆಯ ಮೂಲೆಯನ್ನೇ ದಿಟ್ಟಿಸಿದಳು. ಒಂದು ಒತ್ತು ಸಾಕು. ಕ್ಯೂ ಮರಳುತ್ತದೆ, ವೇಗ ಮರಳುತ್ತದೆ, ನಾಳೆ ಯಾರೂ ನಗುವುದಿಲ್ಲ. ಮೌಸಿನ ಬಾಣ ಅಲ್ಲಿಯವರೆಗೂ ಹೋಯಿತು. ಆಗ ಅವಳಿಗೆ ಒಂದು ವಿಷಯ ಗಮನಕ್ಕೆ ಬಂತು. ಬೆಳಗಿನಿಂದ ಒತ್ತಿದ್ದಾಳೆ, ಕುರ್ಚಿ ಬಿಟ್ಟುಕೊಟ್ಟು ಬಂದಿದ್ದಾಳೆ, ಆದರೆ ಕಿರುಬೆರಳು ನೋಯುತ್ತಿಲ್ಲ. ಮಡಚಿ ನೋಡಿದಳು, ಬಿಡಿಸಿ ನೋಡಿದಳು. ಬಾಣವನ್ನು ಅಲ್ಲಿಂದ ಎಳೆದುಕೊಂಡಳು.

ಅಂದಿನಿಂದ ಮನೆಯಲ್ಲಿ ಬೆಳಗಿನ ಉಪಾಹಾರ ಎನ್ನುವುದು ತಾಲೀಮಾಯಿತು. ಹಿಲ್ಮಿ ಒಂದು ಕೈಯಲ್ಲಿ ಸಿಮಿತ್ ರೊಟ್ಟಿ ಹಿಡಿದು, ಇನ್ನೊಂದು ಕೈಯಲ್ಲಿ ಪತ್ರಿಕೆಯ ಫುಟ್‌ಬಾಲ್ ಪುಟ ಹಿಡಿದು ಉಸಿರು ಬಿಡದೆ ಓದುತ್ತಿದ್ದ, ಅವಳು ಚೀಸು ಆಲಿವ್ ತಟ್ಟೆಗಳ ನಡುವೆ ಕಂಪ್ಯೂಟರ್ ಇಟ್ಟುಕೊಂಡು ಒತ್ತುತ್ತಿದ್ದಳು. ಪತ್ರಿಕೆ ಸಪ್ಪೆಯೆನಿಸಿದಾಗ ಹಿಂದಿನ ದಿನ ಮಿನಿಬಸ್ಸಿನಲ್ಲಿ ಕೇಳಿದ್ದನ್ನೇ ಹೇಳುತ್ತಿದ್ದ: ಯಾವ ಅತ್ತೆ ಯಾವ ಸೊಸೆಯನ್ನು ಏನೆಂದಳು, ಯಾರು ಟಿಕೆಟಿಗೆ ಚಿಲ್ಲರೆ ಇಲ್ಲವೆಂದು ಹಳ್ಳಿಯವರೆಗೂ ವಾದಿಸಿದರು. ಜನರ ಮಾತು ಪತ್ರಿಕೆಯಂತೆ ಸಾಲಾಗಿ ಬರುವುದಿಲ್ಲ. ಮುಗ್ಗರಿಸುತ್ತದೆ, ಹಿಂದಕ್ಕೆ ಹೋಗುತ್ತದೆ, ಇದ್ದಕ್ಕಿದ್ದಂತೆ ಓಡುತ್ತದೆ. ಅದಕ್ಕೆ ಕೈ ಪಳಗಿತು. ಅಕ್ಟೋಬರಿನ ಒಂದು ಬೆಳಿಗ್ಗೆ ಹಿಲ್ಮಿ ಓದುತ್ತಾ ಓದುತ್ತಾ ಇದ್ದಕ್ಕಿದ್ದಂತೆ ನಿಂತ. "ಏನೇ, ನಾನು ಉಸಿರು ತಗೊಳೋವರೆಗೂ ನೀನು ಸುಮ್ನೆ ಕಾಯ್ತಾ ಕೂತಿದೀಯಲ್ಲ?" ಅವಳು ತೆರೆ ನೋಡಿದಳು. ಹೌದು, ಎಲ್ಲ ಒತ್ತಿ ಮುಗಿದಿತ್ತು. ಯಾವಾಗಿನಿಂದ ಹೀಗಾಯಿತು ಎಂದು ಅವಳಿಗೇ ತಿಳಿಯಲಿಲ್ಲ. ಅಕ್ಷರ ಎಲ್ಲಿದೆ ಎಂದು ಮನಸ್ಸು ಹುಡುಕುವುದನ್ನು ಯಾವುದೋ ದಿನ ಬಿಟ್ಟುಬಿಟ್ಟಿತ್ತು.

ಕೋರ್ಟಿನಲ್ಲಿ ಅವಳಿಗೆ ಇನ್ನೂ ಸಣ್ಣಪುಟ್ಟ ಕೆಲಸವನ್ನೇ ಕೊಡುತ್ತಿದ್ದರು. ನೆಲಮಾಳಿಗೆಗೆ ಕಳಿಸುವ ಕಾಗದ ಜೆವ್ದೆತ್ ಬೇ ಮೇಜಿನ ಮೇಲೆ ಸಹಿಗೆ ಕಾಯುತ್ತಿತ್ತು. ನವೆಂಬರಿನಲ್ಲಿ ಹುಲ್ಲುಗಾವಲಿನ ವ್ಯಾಜ್ಯದ ದಿನ ಬಂತು.

ಬೆಟ್ಟದ ಮೇಲಿನ ಎರಡು ಹಳ್ಳಿಗಳು ಒಂದೇ ಬೇಸಿಗೆ ಹುಲ್ಲುಗಾವಲನ್ನು ತಮ್ಮದೆಂದು ಹನ್ನೊಂದು ವರ್ಷದಿಂದ ಬಡಿದಾಡುತ್ತಿದ್ದವು. ಇಪ್ಪತ್ತಾರು ಸಾಕ್ಷಿಗಳು, ಹೆಚ್ಚಿನವರು ಎಪ್ಪತ್ತು ದಾಟಿದ ಮುದುಕರು. ಹಿಮ ಬಿದ್ದರೆ ದಾರಿ ಏಪ್ರಿಲ್‌ವರೆಗೆ ಮುಚ್ಚಿಹೋಗುತ್ತದೆ. ಅಷ್ಟರಲ್ಲಿ ಯಾರು ಇರುತ್ತಾರೋ ಯಾರು ಹೋಗುತ್ತಾರೋ, ಹಾಗಾಗಿ ಬೆಲ್ಕಿಸ್ ಹಾನಿಮ್ ಎಲ್ಲರನ್ನೂ ಒಂದೇ ದಿನ ಕೇಳುತ್ತೇನೆ ಎಂದರು. ಮೂವರು ಗುಮಾಸ್ತರು ಸರದಿಯಂತೆ ಕೂರಬೇಕೆಂದಾಯಿತು. ಬೆಳಿಗ್ಗೆ ಒಬ್ಬಳ ಮಗುವಿಗೆ ಜ್ವರ, ಅವಳು ಬರಲಿಲ್ಲ. ಎರ್ಜಾನ್ ಶುರುಮಾಡಿದ. ಮೊದಲ ಮೂವರು ಸಾಗಿದರು. ನಾಲ್ಕನೆಯ ಮುದುಕ ಗಡಿಕಲ್ಲು, ತೊರೆ, ಅಜ್ಜನ ಕಾಲದ ಕುರಿದೊಡ್ಡಿ ಎಲ್ಲವನ್ನೂ ಬೆಟ್ಟದ ಸೊಗಡಿನ ಮಾತಿನಲ್ಲಿ ಒಂದೇ ಸಮನೆ ಸುರಿದಾಗ ಎರ್ಜಾನ್ ಹಿಂದೆ ಬಿದ್ದ. ಆರನೆಯವನ ಹೊತ್ತಿಗೆ ಅವನು ಮಣಿಕಟ್ಟು ಕೊಡವಿಕೊಳ್ಳುತ್ತಿದ್ದ. ನ್ಯಾಯಾಧೀಶೆ ಗಡಿಯಾರ ನೋಡಿದರು. ಹತ್ತೂವರೆಗೆ ದುರ್ಸುನ್ ಬಂದು ಸಾನಿಯೆಯನ್ನು ಕರೆದ. ಅವಳು ತನ್ನ ಮೇಜಿನ ಎಫ್ ಕೀಬೋರ್ಡನ್ನು ಕಂಕುಳಲ್ಲಿ ಇಟ್ಟುಕೊಂಡು ನಡೆದಳು. ಜನ ಅವಳನ್ನು ನೋಡಿದರು. ಎರ್ಜಾನ್ ಕುರ್ಚಿ ಬಿಟ್ಟುಕೊಟ್ಟ.

ಏಳನೆಯ ಸಾಕ್ಷಿ ಸತಿಲ್ಮಿಶ್ ಎಂಬ ಎಂಬತ್ತೊಂದರ ಕುರಿಗಾಹಿ. ಟೊಪ್ಪಿ ಕೈಯಲ್ಲಿ ಹಿಡಿದು ಮಾತಾಡಿದ. ಕೊನೆಗೆ ನ್ಯಾಯಾಧೀಶೆ ಸಾರ ಹೇಳಲು ಬಾಯಿ ತೆರೆದರು; ಎದುರಿನ ತೆರೆಯ ಮೇಲೆ ಕಣ್ಣು ಬಿತ್ತು, ಅದನ್ನೇ ಓದತೊಡಗಿದರು. ಮುದುಕ ಹೇಳಿದ್ದೆಲ್ಲ ಅಲ್ಲಿತ್ತು. ಸಾರವಲ್ಲ, ಮಾತೇ. ಗಡಿಕಲ್ಲಿನ ಪಕ್ಕದ ಕಾಡುಸೇಬಿನ ಗಿಡವೂ ಇತ್ತು, ಅದರ ಕೆಳಗೆ ಅವನ ಅಣ್ಣನನ್ನು ಹಾವು ಕಚ್ಚಿದ ವರ್ಷವೂ ಇತ್ತು.

"ಸಾನಿಯೆ ಹಾನಿಮ್, ಇದೆಲ್ಲ ಅವರು ಮಾತಾಡ್ತಾ ಇರುವಾಗಲೇ ಬರೆದ್ರಾ?"

"ಹೌದು ಮೇಡಂ."

"ಹಾಗಾದ್ರೆ ನಾನು ಸುಮ್ನಿರ್ತೀನಿ. ನೀವು ನಡೆಸಿ."

ಬರೆದದ್ದನ್ನು ನ್ಯಾಯಾಧೀಶೆಯೇ ಗಟ್ಟಿಯಾಗಿ ಓದಿ ಹೇಳಿದರು. ಮುದುಕ ಕಿವಿಗೆ ಕೈ ಹಿಡಿದು ಕೊನೆಯವರೆಗೂ ಕೇಳಿದ. "ಜಡ್ಜಮ್ಮಾ, ಹನ್ನೊಂದು ವರ್ಷದಿಂದ ಬಂದು ಹೋಗ್ತಾ ಇದೀನಿ. ನಾನು ಆಡಿದ ಮಾತು ನಂಗೇ ತಿರುಗಿ ಕೇಳಿಸಿದ್ದು ಇವತ್ತೇ," ಎಂದ.

ಆಮೇಲೆ ನಡೆದದ್ದನ್ನು ಗೋಕ್‌ದೆರೆಯ ಕೋರ್ಟಿನಲ್ಲಿ ಇಂದಿಗೂ ಹೇಳುತ್ತಾರೆ. ಸಾಕ್ಷಿಗಳು ಬರುತ್ತಿದ್ದರು, ಆಡುತ್ತಿದ್ದರು, ಕೇಳುತ್ತಿದ್ದರು, ಸಹಿ ಮಾಡಿ ಹೋಗುತ್ತಿದ್ದರು. ಮಧ್ಯಾಹ್ನ ಮುಕ್ಕಾಲು ಗಂಟೆ ಊಟಕ್ಕೆ ಬಿಟ್ಟರು, ಅಷ್ಟೇ. ಎರಡೂ ಹಳ್ಳಿಯವರು ಹಿಂದಿನ ಬೆಂಚಿನಲ್ಲಿ ಸಾಲಾಗಿ ಕೂತು ತೆರೆಯನ್ನೇ ನೋಡುತ್ತಿದ್ದರು. ಒಬ್ಬ ಸಾಕ್ಷಿ ಬೇಕೆಂದೇ ಬೇಗ ಬೇಗ ಹೇಳಿ ಅವಳನ್ನು ಸೋಲಿಸಲು ನೋಡಿದ. ತನ್ನ ಮಾತಿನಲ್ಲಿ ತಾನೇ ಎಡವಿ, ಎಡವಿದ್ದೂ ಬರಹದಲ್ಲಿ ಬಂದದ್ದು ಕಂಡು ನಾಚಿಕೊಂಡ. ಸಾನಿಯೆಗೆ ಕೋಣೆ ಮರೆತಿತ್ತು. ಕಿವಿಯಲ್ಲಿ ಮಾತು ಬರುತ್ತಿತ್ತು, ಬೆರಳಲ್ಲಿ ಹೋಗುತ್ತಿತ್ತು, ನಡುವೆ ಅವಳಿಗೆ ಮಾಡಲು ಏನೂ ಇರಲಿಲ್ಲ. ಹೊರಗೆ ಕತ್ತಲಾಗುವ ಹೊತ್ತಿಗೆ ಇಪ್ಪತ್ತಾರನೆಯವನ ಹೇಳಿಕೆ ಮುಗಿಯಿತು. ಅವಳು ಎದ್ದು ನಿಂತಾಗ ಸೊಂಟ ಹಿಡಿದಿತ್ತು. ಕೈಗಳು ಬೆಚ್ಚಗಿದ್ದವು, ಇನ್ನೂ ಇಪ್ಪತ್ತಾರು ಜನ ಬಂದರೂ ಆದೀತು ಎನ್ನುವ ಹಾಗೆ.

ಬೆಲ್ಕಿಸ್ ಹಾನಿಮ್ ಕೋಟು ಹಾಕಿಕೊಳ್ಳುತ್ತಾ ಜೆವ್ದೆತ್ ಬೇ ಕಡೆ ತಿರುಗಿ, ಇನ್ನು ಮುಂದೆ ತಮ್ಮ ಕೊಠಡಿಯಲ್ಲಿ ಇವರೇ ಕೂರುತ್ತಾರೆ ಎಂದು ಹೇಳಿ ಹೋದರು. ಜೆವ್ದೆತ್ ಬೇ ಮರುದಿನ ನೆಲಮಾಳಿಗೆಯ ಕಾಗದವನ್ನು ಸಾನಿಯೆಯ ಎದುರಿಗೇ ಹರಿದು ಬುಟ್ಟಿಗೆ ಹಾಕಿದರು.

ಒಂದು ವಾರ ಎರ್ಜಾನ್ ಅವಳ ಮೇಜಿನ ಹತ್ತಿರ ಸುಳಿಯಲಿಲ್ಲ. ಆಮೇಲೆ ಒಂದು ಮಧ್ಯಾಹ್ನ ಎರಡು ಗ್ಲಾಸು ಚಹಾ ಹಿಡಿದು ಬಂದು, ಒಂದನ್ನು ಅವಳ ಮುಂದೆ ಇಟ್ಟು, ಕಿಟಕಿಯ ಕಡೆ ನೋಡುತ್ತಾ ನಿಂತ.

"ಅಕ್ಕ, ಆ ಪೆಟ್ಟಿಗೇಲಿ ಇನ್ನೂ ಐದು ಇದಾವಂತೆ."

"ಇದಾವೆ."

"ನಂಗೂ ಬಲಗೈ ಕಿರುಬೆರಳು... ಅಂದ್ರೆ ತುಂಬ ಏನಿಲ್ಲ. ಬೆಳಿಗ್ಗೆ ಹೊತ್ತು ಸ್ವಲ್ಪ."

ಎಷ್ಟು ದಿನದಿಂದ ಎಂದು ಅವಳು ಕೇಳಿದಳು. ಎರಡು ವರ್ಷದಿಂದ ಎಂದ. ಯಾರಿಗೂ ಹೇಳಿರಲಿಲ್ಲ. ಅವಳು ಅವನನ್ನು ಕೂರಿಸಿ, ಗುರುವಾರ ಹೋಜಾ ಮನೆಗೆ ಬಾ, ಬೆನ್ನು ನೆಟ್ಟಗಿಟ್ಟುಕೊಂಡು ಬಾ ಎಂದಳು. ಪೆಟ್ಟಿಗೆಯ ಐದೂ ಖಾಲಿಯಾದವು. ಹೋಜಾ ಮನೆಯ ಕುರ್ಚಿಗಳು ಸಾಲದೆ ವಯಸ್ಕರ ಶಿಕ್ಷಣ ಕೇಂದ್ರದ ಒಂದು ಕೋಣೆ ಕೇಳಿ ಪಡೆದರು. ಜನವರಿಯ ಹೊತ್ತಿಗೆ ಹದಿನಾಲ್ಕು ಜನ: ಕೋರ್ಟಿನವರು, ಪುರಸಭೆಯ ಇಬ್ಬರು, ಗುಮಾಸ್ತೆ ಪರೀಕ್ಷೆಗೆ ಕೂರುವ ಹುಡುಗಿಯರು, ಪಿಂಚಣಿ ಬಂದ ಮೇಲೆ ತನ್ನ ಬೇಟೆಯ ಕತೆ ಬರೆಯಬೇಕೆಂದುಕೊಂಡ ಒಬ್ಬ ಅರಣ್ಯ ರಕ್ಷಕ. ಎಪ್ಪತ್ತೆಂಟರ ಹೋಜಾ ಮೇಜಿನಿಂದ ಮೇಜಿಗೆ ನಡೆಯುತ್ತಾ ಕೈಗಳ ಮೇಲೆ ಬಟ್ಟೆ ಹೊದಿಸುತ್ತಿದ್ದರು. ಆ ಚಳಿಗಾಲದಲ್ಲಿ ಅವರು ಮದುವೆಗೆ ಹೊರಟವರ ಹಾಗೆ ಹ್ಯಾಟು ಹಾಕಿಕೊಂಡು ಬೀದಿಗಿಳಿಯತೊಡಗಿದರು ಎಂದು ಎದುರು ಮನೆಯವಳು ಎಲ್ಲರಿಗೂ ಹೇಳಿದಳು.

ಮೇ ತಿಂಗಳಲ್ಲಿ ಅಂಕಾರದಲ್ಲಿ ವೇಗದ ಬೆರಳಚ್ಚಿನ ಸ್ಪರ್ಧೆಯಿತ್ತು. ಸಾನಿಯೆಯ ಹೆಸರು ಕೊಟ್ಟದ್ದು ಎರ್ಜಾನ್, ಅವಳಿಗೆ ತಿಳಿಸಿದ್ದು ಆಮೇಲೆ. ಹಿಲ್ಮಿ ಅಂದಿನ ಸವಾರಿ ಬಿಟ್ಟು ತನ್ನ ಮಿನಿಬಸ್ಸನ್ನೇ ಹೊರಡಿಸಿದ. ಹನ್ನೊಂದು ಜನ, ಎರಡು ಬುಟ್ಟಿ ತಿಂಡಿ, ರಿಫ್ಕಿ ಉಸ್ತಾ ಮುಂದಿನ ಸೀಟಿನಲ್ಲಿ. ದೊಡ್ಡ ಸಭಾಂಗಣ, ನೂರಕ್ಕೂ ಹೆಚ್ಚು ಮೇಜು, ಹೆಚ್ಚಿನವರು ಅವಳ ಅರ್ಧ ವಯಸ್ಸಿನವರು. ಹತ್ತು ನಿಮಿಷ. ಸಾನಿಯೆ ನಾಲ್ಕನೆಯವಳಾದಳು. ಪದಕ ಮೂವರಿಗೆ ಮಾತ್ರ. ಅವಳಿಗೆ ಸಿಕ್ಕಿದ್ದು ಒಂದು ಪ್ರಮಾಣಪತ್ರ. ಆದರೆ ನಲವತ್ತು ದಾಟಿದವರಲ್ಲಿ ಅವಳೇ ಮೊದಲಿಗಳು ಎಂದು ಯಾರೋ ಲೆಕ್ಕ ಹಾಕಿ ಹೇಳಿದ್ದೇ ತಡ, ಮಿನಿಬಸ್ಸಿನವರು ಸಭಾಂಗಣದಲ್ಲೇ ಎದ್ದು ಚಪ್ಪಾಳೆ ತಟ್ಟಿದರು. ಸ್ಪರ್ಧೆಯವರು ಬಂದು ಸುಮ್ಮನಿರಿಸಬೇಕಾಯಿತು. ರಿಫ್ಕಿ ಉಸ್ತಾ ಪ್ರಮಾಣಪತ್ರವನ್ನು ಎರಡು ಕೈಯಲ್ಲಿ ಹಿಡಿದು, ಅಂಚಿನ ಚಿನ್ನದ ಬಳ್ಳಿಯನ್ನು ಬೆರಳಿನಿಂದ ಸವರಿ, ಕುಸುರಿ ಸರಿಯಾಗಿದೆ ಎಂದ. ಅವನ ಕಣ್ಣು ಒದ್ದೆಯಾಗಿದ್ದನ್ನು ಎಲ್ಲರೂ ನೋಡದ ಹಾಗೆ ನಟಿಸಿದರು.

ಮೊಣಕಾಲು ನೋವೆಂದು ಮುವಲ್ಲಾ ಹೋಜಾ ಬಂದಿರಲಿಲ್ಲ. ಮರುದಿನ ಸಾನಿಯೆ ಅವರ ಮನೆಗೆ ಹೋಗಿ ಪ್ರಮಾಣಪತ್ರ ಮೇಜಿನ ಮೇಲಿಟ್ಟಳು. ಅವರು ಅದನ್ನು ಓದಲಿಲ್ಲ, ಪಕ್ಕಕ್ಕೆ ಸರಿಸಿದರು. ಕೂರು, ಒತ್ತು ಎಂದರು. ತಾವೇ ಒಂದು ಪುಟ ಓದಿ ಹೇಳಿದರು, ನಿಧಾನವಾಗಿಯಲ್ಲ. ಕಾಗದ ತೆಗೆದು, ಕೆಂಪು ಪೆನ್ಸಿಲ್ ಹಿಡಿದು ಮೇಲಿನಿಂದ ಕೆಳಗಿನವರೆಗೆ ಹೋದರು. ಎಲ್ಲಿಯೂ ಗುರುತು ಹಾಕಲಿಲ್ಲ. ಕೊನೆಗೆ ಕೆಳಗೆ ಹತ್ತಕ್ಕೆ ಎಂಟು ಎಂದು ಬರೆದರು.

"ಒಂದೂ ತಪ್ಪಿಲ್ಲ ಅಲ್ವಾ ಹೋಜಾ? ಎರಡು ಯಾಕೆ ಕಳೆದ್ರಿ?"

"ಒಂದು, ನೀನು ಭುಜ ಎತ್ತಿ ಕೂರ್ತೀಯ. ಇನ್ನೊಂದು ನಂಗೆ ಬೇಕು, ಮುಂದಿನ ವರ್ಷ ಕೊಡೋಕೆ," ಎಂದು ಹೇಳಿ ಹೋಜಾ ಚಹಾದ ನೀರಿಡಲು ಒಳಗೆ ಹೋದರು.